ಕಿತ್ತಳೆ ಬಣ್ಣದ ತಂತಿ

ಗೋಡೆಯಲ್ಲಿ 'ಟಿಕ್' ಎಂದಿತು. ನಡುರಾತ್ರಿ ಕಂಬಳಿ ಹೊದ್ದು ನಿಂತಿದ್ದ ಜಾನೀನ್ ಗಾಳಿ ಬರುವ ಕಿಂಡಿಗೆ ಅಂಗೈ ಒಡ್ಡಿದಳು. ಥರ್ಮೋಸ್ಟಾಟಿನಲ್ಲಿ ಬಿಸಿ ಕೇಳಿದರೆ ತಣ್ಣನೆಯ ಗಾಳಿ ಬರುತ್ತಿತ್ತು. ಹೊರಗೆ ಹಿಮ. ನೋಡೋಣವೆಂದು ತಂಪು ಕೇಳಿದಳು. ಮತ್ತೆ ಟಿಕ್. ಅಂಗೈ ಬೆಚ್ಚಗಾಯಿತು!

ಹಾಗಾದರೆ ಮನೆಗೆ ಬಿಸಿ, ತಂಪು ಎರಡನ್ನೂ ಕೊಡುವ ಹೀಟ್ ಪಂಪ್ ಕೆಟ್ಟಿಲ್ಲ, ಅದಕ್ಕೆ ಹೇಳಿದ್ದೆಲ್ಲ ತಿರುಗುಮುರುಗಾಗಿ ಕೇಳಿಸುತ್ತಿದೆ. ಈ ಹೊಸ ಥರ್ಮೋಸ್ಟಾಟನ್ನು ಹಗಲು ಕೂರಿಸಿದವನು ಗಂಡ ಆರ್ಮಂಡ್. ಪಾರ್ಶ್ವವಾಯು ಹೊಡೆದ ಮೇಲೆ ಅವನ ಬಲಗೈ ಸ್ಕ್ರೂಡ್ರೈವರ್ ಹಿಡಿದದ್ದು ಅದೇ ಮೊದಲು. "ಅಪ್ಪನ ಕೈಗೆ ವೈರ್ ಕೊಡ್ಬೇಡಮ್ಮ, ಇಬ್ರೂ ಚಳೀಲಿ ಸೆಟೆದುಹೋಗ್ತೀರ," ಎಂದು ಮಗಳು ಲೀಸ್ ಫೋನಿನಲ್ಲಿ ಗದರಿದ್ದಳು. "ಇಡೀ ಮೆಡವಾಸ್ಕ ಊರಿಗೇ ವೈರ್ ಎಳೆದವನು ನಾನು ಅಂತ ಹೇಳೇ ಅವಳಿಗೆ!" ಎಂದು ಅವನು ಪಕ್ಕದಿಂದಲೇ ಕೂಗಿದ್ದ.

ಜಾನೀನ್ ಕರೆಂಟ್ ತೆಗೆದು, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಥರ್ಮೋಸ್ಟಾಟಿನ ಮುಚ್ಚಳ ಬಿಚ್ಚಿದಳು. ತಂತಿಗಳೆಲ್ಲ ನೀಟಾಗಿ, ಬಿಗಿಯಾಗಿ ಕೂತಿದ್ದವು. ಮುಚ್ಚಳದೊಳಗಿನ ಚಿತ್ರದಲ್ಲಿ ಕಿತ್ತಳೆ ತಂತಿ 'ಓ' ತೂತಿನಲ್ಲಿತ್ತು. ಇಲ್ಲಿ ಮಾತ್ರ ಪಕ್ಕದ 'ಬಿ'ಯಲ್ಲಿತ್ತು. ಒಂದೇ ಒಂದು ತೂತಿನ ತಪ್ಪು. ಅವಳು ಅದನ್ನು ಸರಿಸಿ, ಸದ್ದಾಗದಂತೆ ಮುಚ್ಚಳ ಒತ್ತಿ, ಕರೆಂಟ್ ಹಾಕಿ ಮತ್ತೆ ಬಿಸಿ ಕೇಳಿದಳು.

ಬೆಳಿಗ್ಗೆ ಮನೆಯೆಲ್ಲ ಬೆಚ್ಚಗಿತ್ತು. "ನೋಡಿದ್ಯೇನೇ? ಹೊಸ ಮೆಷಿನ್ನು, ನಮ್ಮನೆ ಅರ್ಥ ಮಾಡ್ಕೊಳ್ಳೋಕೆ ಒಂದು ರಾತ್ರಿ ಬೇಕಿತ್ತು ಅಷ್ಟೆ," ಎಂದ ಆರ್ಮಂಡ್, ಪ್ಲೋಯ್ ದೋಸೆಗೆ ಬಲಗೈಯಲ್ಲೇ ಬೆಣ್ಣೆ ಸವರುತ್ತಾ. "ನಾಳೆ ಲೀಸ್ ಮನೆಗೂ ನಾನೇ ಹಾಕ್ಕೊಡ್ತೀನಿ."

ಲೀಸ್‌ಗಿರಲಿ, ಯಾರಿಗೂ ಇದನ್ನು ಹೇಳುವುದಿಲ್ಲವೆಂದು ಜಾನೀನ್ ಆ ಕ್ಷಣವೇ ನಿರ್ಧರಿಸಿದಳು.

"ಟಾರ್ಚ್ ಹಿಡಿಯೋಕೆ ನಾನೂ ಬರ್ತೀನಿ ಕಣ್ರೀ," ಎಂದಳು.