ತೋಟೆಯ ಬಾಯಿ

ಹೆಗಲಿನ ಕೋವಿ ಇಳಿಸದೆಯೇ ಅಣ್ಣನ ಅಂಗಳಕ್ಕೆ ನುಗ್ಗಿದ ತಮ್ಮ. ಮೈಯೆಲ್ಲ ಉರಿಯುತ್ತಿತ್ತು. ತಾನು ಕೈತುತ್ತು ಹಾಕಿ ಸಾಕಿದ ನಾಯಿ ಬಿದಿರು ಮೆಳೆಯಲ್ಲಿ ಗುಂಡು ತಿಂದು ಸತ್ತುಬಿದ್ದಿತ್ತು. ಅಲ್ಲೇ ಪಕ್ಕದಲ್ಲಿ ಸಿಕ್ಕಿದ ಖಾಲಿ ತೋಟೆಯನ್ನು ಜಗಲಿಯ ಮೇಲೆ ಕುಕ್ಕಿದ.

“ತಳದ ಅಂಕಿ ನೋಡು! ಒತ್ತಿರೋದು ನಿನ್ನ ಕೋವಿ ಅಳತೆ. ಈ ಅಳತೆ ಕೋವಿ ಊರಲ್ಲಿ ನಿನ್ನದೊಂದೇ. ಬೇಲಿ ಜಗಳಕ್ಕೆ ಬಾಯಿಲ್ಲದ ಪ್ರಾಣೀನ ಕೊಂದ್ಯಲ್ಲ, ಥೂ!”

ಅಣ್ಣ ಎದ್ದು ನಿಂತ. “ನಾನು ಹೊಡೆದು ಬಿಸಾಕಿದ ತೋಟೆ ಆಯ್ಕೊಂಡು ಹೋಗೋನು ಯಾರು? ನಿನ್ನ ಹಳೇ ಕೋವಿಗೆ ಅಂಗಡೀಲಿ ತೋಟೆ ಸಿಗಲ್ಲ ಅಂತ ನನ್ನ ತೋಟೆ ಬಾಯಿ ಕಾಯಿಸಿ, ಅಚ್ಚಿಗೆ ಒತ್ತಿ ಅಗಲ ಮಾಡ್ಕೊಳ್ಳೋನು ಯಾರು? ತಳದ ಅಂಕಿ ಅದರಿಂದ ಅಳಿಸಿಹೋಗುತ್ತೇನೋ?”

“ಮಾತು ತಿರುಗಿಸಬೇಡ!”

ಅಣ್ಣ ಒಳಗಿಂದ ತನ್ನ ಕೋವಿ ತಂದು ಎದುರಿಗೆ ಹಿಡಿದ. “ಹಾಕಿ ನೋಡು. ಕೂತರೆ ಇದರಲ್ಲೇ ನನ್ನ ಹೊಡಿ.”

ತಮ್ಮ ಹಲ್ಲು ಕಚ್ಚಿ ತುರುಕಿದ. ತೋಟೆ ಪೂರ್ತಿ ಒಳಗೆ ಹೋಗಲಿಲ್ಲ. ಬಾಯಿ ಅಗಲವಾಗಿ ಸಿಕ್ಕಿಕೊಂಡಿತು.

“ನಿನ್ನೆ ಮುಸ್ಸಂಜೆ ಆ ಮೆಳೆಗೆ ಗುಂಡು ಹಾರಿಸಿದ್ಯಲ್ಲ, ಯಾತಕ್ಕೆ?” ಅಣ್ಣ ಕೇಳಿದ.

“ಹಂದಿ ಸದ್ದಾಯ್ತು, ಹೊಡೆದೆ. ತಪ್ಪಿತು.”

“ಖಾಲಿ ತೋಟೆ?”

“ಕತ್ತಲಲ್ಲಿ ಎಷ್ಟು ಹುಡುಕಿದರೂ…” ತಮ್ಮ ಸಿಕ್ಕಿಕೊಂಡಿದ್ದ ತೋಟೆಯನ್ನು ಎಳೆದು ತೆಗೆದ.

“ಈಗ ನಿನ್ನ ಕೋವಿಗೆ ಹಾಕು,” ಎಂದು ಅಣ್ಣ ಗುಡುಗಿದ.

ತಮ್ಮ ಹೆಗಲಿನಿಂದ ಕೋವಿ ಇಳಿಸಿದ. ತೋಟೆ ತವರಿಗೆ ಬಂದ ಮಗಳಂತೆ ಸಲೀಸಾಗಿ ಒಳಗೆ ಹೋಗಿ ಕೂತಿತು.