ಬಸ್ಸಿಗೆ ಹಾಕಿದ ಒಗ್ಗರಣೆ

ನಾನು ಕೆಲಸ ಮಾಡುವ ಬೆಂಗಳೂರಿನ ರೆಸ್ಟೋರೆಂಟಿನಲ್ಲಿ ಒಗ್ಗರಣೆಯ ಘಾಟು ಗಿರಾಕಿಗಳ ಮೂಗಿಗೆ ತಾಗಬಾರದೆಂದು ದೊಡ್ಡ ಚಿಮಣಿ ಹಾಕಿಸಿದ್ದಾರೆ; ಅದರಡಿ ನಿಂತಾಗಲೆಲ್ಲ ಕೊಡಿಗೇನಹಳ್ಳಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಲ್ಲಿ ರಸ್ತೆ ಬದಿಯಲ್ಲಿ ನಮ್ಮದೊಂದು ತಗಡಿನ ಹೋಟೆಲಿತ್ತು. ಹಿಂದೂಪುರದ ಬಸ್ಸಿನ ಹಾರನ್ ಕೇಳಿದ ಕೂಡಲೇ ಅವ್ವ ಬೆಳ್ಳುಳ್ಳಿ ಜಜ್ಜಿ ಕಾದ ಎಣ್ಣೆಗೆ ಹಾಕುತ್ತಿದ್ದಳು. ಸಾರಿಗಲ್ಲ, ಬಸ್ಸಿಗೆ. ಘಮಲು ಕಿಟಕಿಯೊಳಕ್ಕೆ ನುಗ್ಗಿದರೆ ಜನ ತಾವಾಗಿಯೇ ಇಳಿಯುತ್ತಾರೆ ಎಂದು ನಂಬಿದ್ದಳು. ಆದರೆ ಊರಾಚೆ ಏಸಿ ಹೋಟೆಲ್ ಶುರುವಾದ ಮೇಲೆ ಬಸ್ಸುಗಳು ಊಟಕ್ಕೆ ಅಲ್ಲಿಯೇ ನಿಲ್ಲತೊಡಗಿದ್ದವು.

ಆವತ್ತು ಮಾಡಿದ ಅನ್ನವೆಲ್ಲ ಹಾಗೇ ಉಳಿದಿತ್ತು. ಹಾರನ್ ಕೇಳಿತು. ಅವ್ವ ಎಣ್ಣೆ ಬಾಟಲಿಯನ್ನು ಬೋರಲು ಹಾಕಿ ಉಳಿದಿದ್ದಷ್ಟನ್ನೂ ಸುರಿದಳು. ಕರಿಬೇವು ಚಟಪಟ ಸಿಡಿಯಿತು, ನನ್ನ ಕಣ್ಣು ಉರಿಯಿತು. ನಮ್ಮೆದುರಿನ ರಸ್ತೆಯುಬ್ಬಿನ ಬಳಿ ಬಸ್ಸು ನಿಧಾನವಾಯಿತು. ಕಿಟಕಿ ಪಕ್ಕದ ಹೆಂಗಸೊಬ್ಬಳು ನಮ್ಮ ಕಡೆ ತಿರುಗಿ ಮೂಗು ಅರಳಿಸಿದಳು.

"ನಿಲ್ತು ಕಣಮ್ಮ, ಬಿರ್ನೆ ಎಲೆ ಹಾಕು!" ಅಂದಳು ಅವ್ವ.

ನಾನು ಎಲೆ ಹಾಸಿ ನೀರು ಚಿಮುಕಿಸಿದೆ. ಬಸ್ಸು ಉಬ್ಬು ದಾಟಿ ಹೋಗಿಯೇಬಿಟ್ಟಿತು.

"ಇನ್ ಸಂಜೆಗಂಟ ಬಸ್ಸಿಲ್ಲ. ಒಲೆ ಆರಿಸ್ಬುಡು," ಅಂದ ಅಪ್ಪ.

"ಬತ್ತದೆ, ಸುಮ್ಕಿರು."

ಅವ್ವ ಇನ್ನೊಂದು ಹಿಡಿ ಬೆಳ್ಳುಳ್ಳಿ ಜಜ್ಜಿ ಇದ್ದಬದ್ದ ಎಣ್ಣೆಯೂ ಸುಟ್ಟುಹೋಗಿದ್ದ ಬಾಣಲೆಗೆ ಹಾಕಿದಳು. ಅದು ಸೀದು ಕರಕಲಾಗುತ್ತಿದ್ದರೂ, ಸೆರಗು ಹಿಡಿದು ಹೊಗೆಯನ್ನು ಖಾಲಿ ರಸ್ತೆಯ ಕಡೆಗೆ ಬೀಸುತ್ತಲೇ ಇದ್ದಳು.