ಅಕ್ಕನಿಗೆಂದು ತಂದ ಅಣಬೆ ಪುಡಿ

ಟ್ರಂಕಿನಿಂದ ಅಮ್ಮನ ಕೋಟನ್ನು ಹೊರಗೆಳೆದ ತಂಗಿಯ ಕೈ ಅಲ್ಲೇ ನಿಂತಿತು. ಗುಂಡಿಗಳು ಹಸಿರಾಗಿದ್ದವು.

ಹೊಲಿಗೆ ಅಂಗಡಿ ನಡೆಸುವ ಈ ಅಕ್ಕತಂಗಿಯರಲ್ಲಿ ನೆನಪು ಕೈಕೊಡುತ್ತಿರುವುದು ಅಕ್ಕನಿಗೇ ಎಂದು ತಂಗಿ ಎಂದೋ ತೀರ್ಮಾನಿಸಿದ್ದಳು. ಮಿದುಳಿಗೆ ಒಳ್ಳೆಯದಂತೆ ಎಂದು ಎರಡು ಡಬ್ಬಿ ತಂದಿದ್ದಳು. ಸಿಂಹದ ಜೂಲಿನಂಥ ಅಣಬೆಯ ಪುಡಿ ಒಂದು, ಕೆಂಪು ಅಣಬೆಯದು ಇನ್ನೊಂದು. ಮೊದಲನೆಯದನ್ನು ಅಕ್ಕನಿಗೆ ಕೊಟ್ಟು, ಅವಳಿಗೆ ಬೇಜಾರಾಗದಿರಲೆಂದು ಕೆಂಪು ಪುಡಿಯನ್ನು ತಾನೂ ಕುಡಿಯತೊಡಗಿದ್ದಳು. ಯಾವ ಅಣಬೆ ಮೇಲೋ ನೋಡೇಬಿಡೋಣ ಎಂದು ಇವತ್ತು ಅಮ್ಮನ ಕೋಟಿನ ಗುಂಡಿಯ ಬಣ್ಣ ಕೇಳಿದವಳೂ ಅವಳೇ. ಅಕ್ಕ ಹಸಿರು ಎಂದಾಗ ಪಾಪ ಎಂದು ಒಳಗೊಳಗೇ ಮರುಗಿದ್ದಳು.

"ನೀಲಿ ಗುಂಡಿ ಹಾಕಿದ್ದು ನಾನೇ ಅಲ್ವಾ ಅಕ್ಕ? ಸೂಜಿ ಚುಚ್ಚಿ ರಕ್ತ ಬಂದಿತ್ತು. ಆಮೇಲೆ ನೀನು ಬದಲಾಯಿಸಿದ್ಯಾ?"

"ಇಲ್ಲ ಕಣೇ. ಸೂಜಿ ಚುಚ್ಚಿದ್ದು ನನ್ನ ಕೈಗೆ. ನೀನು ಕೋಟು ಹಿಡ್ಕೊಂಡಿದ್ದೆ."

ತಂಗಿ ಕೋಟನ್ನು ತಿರುಗಿಸಿ ನೋಡಿದಳು, ತೋಳಿನೊಳಗೂ ಕೈ ಹಾಕಿ ಹುಡುಕಿದಳು. ನೀಲಿ ಎಲ್ಲೂ ಇರಲಿಲ್ಲ. ಕೊನೆಗೆ ತನ್ನ ಬೆರಳನ್ನೇ ದಿಟ್ಟಿಸುತ್ತ ಕೂತಳು. ಅಕ್ಕ ತನ್ನ ಪಾಲಿನ ಡಬ್ಬಿಯನ್ನು ಮೆಲ್ಲಗೆ ಅವಳ ಕಡೆ ಸರಿಸಿದಳು. ಅದರ ಸೀಲು ಇನ್ನೂ ಒಡೆದಿರಲಿಲ್ಲ.